ಬಿರುಕಿಲ್ಲದ ಕೋಳಿಗೂಡು

ನೊಯೆಲ್ಲಾ ಮಿಶೋಳ ಬಾಯಿಗೆ ಹೆದರದವರು ನಮ್ಮ ಕಣಿವೆಯಲ್ಲಿ ಇದ್ದದ್ದೇ ಇಬ್ಬರು. ಒಬ್ಬರು ಎರಡು ಕಿವಿಯೂ ಕೇಳದ ಹಳೆಯ ಪಾದ್ರಿಗಳು, ಇನ್ನೊಬ್ಬ ಅವಳ ಗಂಡ ಕ್ಲೋವಿಸ್. ಇಪ್ಪತ್ತೊಂಬತ್ತು ವರ್ಷ ಶಾಲೆಯ ಅಡುಗೆಮನೆಯಲ್ಲಿ ಸೌಟು ಹಿಡಿದವಳು ಅವಳು. ನದಿಯ ಈಚೆ ದಡದಲ್ಲಿ ಇವತ್ತು ಗಡ್ಡ ಬಿಟ್ಟುಕೊಂಡು, ಮಕ್ಕಳನ್ನು ಕಟ್ಟಿಕೊಂಡು ಓಡಾಡುವ ಅರ್ಧ ಜನ ಒಂದಲ್ಲ ಒಂದು ದಿನ ತಟ್ಟೆಯಲ್ಲಿ ಕ್ಯಾರೆಟ್ ಬಿಟ್ಟಿದ್ದಕ್ಕೆ ಅವಳಿಂದ ಬೈಸಿಕೊಂಡವರೇ. ಒಮ್ಮೆ ಹೆದ್ದಾರಿಯಲ್ಲಿ ಕಾರನ್ನು ಜೋರಾಗಿ ಓಡಿಸಿದಳೆಂದು ಪೊಲೀಸಿನವನು ಅವಳನ್ನು ತಡೆದು ನಿಲ್ಲಿಸಿದ. ಇವಳು ಗಾಜು ಇಳಿಸಿ ಅವನ ಮುಖವನ್ನೇ ನೋಡಿ, "ನೀನು ಬೆಂಚಿನ ಕೆಳಗೆ ಬಟಾಣಿ ಮೆತ್ತುತ್ತಿದ್ದ ಹುಡುಗ ಅಲ್ವೇನೋ?" ಅಂದಳು. ಅವನು ಟೋಪಿ ಸರಿಮಾಡಿಕೊಂಡು, ಸ್ವಲ್ಪ ನಿಧಾನವಾಗಿ ಹೋಗಿ ಎಂದು ಹೇಳಿ ಕಳಿಸಿಕೊಟ್ಟ.

ಇಂಥ ಹೆಂಗಸು ನವೆಂಬರಿನಿಂದ ಜನವರಿಯ ಮೂರನೆಯ ವಾರದವರೆಗೆ ಒಂದೇ ಒಂದು ಮಾತನ್ನು ಗಂಡನಿಗೆ ಹೇಳಲಾಗದೆ ನುಂಗಿಕೊಂಡು ಓಡಾಡಿದಳು. ದೊಡ್ಡ ಮಾತೇನೂ ಅಲ್ಲ. ನೀನು ಕಟ್ಟಿದ ಕೋಳಿಗೂಡಿಗೆ ಗಾಳಿ ಬೇಕು, ಅಷ್ಟೇ. ಹೇಳಲು ಅರ್ಧ ಉಸಿರು ಸಾಕು. ಅದು ಅವಳ ಗಂಟಲಲ್ಲೇ ಸಿಕ್ಕಿಕೊಂಡು ಎರಡೂವರೆ ತಿಂಗಳು ಕೂತಿತು.

ಕೋಳಿಯ ವಿಷಯದಲ್ಲಿ ಅವಳಿಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ನದಿಯ ಮೇಲ್ಗಡೆ ಆಲೂಗಡ್ಡೆ ಬೆಳೆಯುವವರ ಮನೆಯಲ್ಲಿ ಹದಿಮೂರು ಮಕ್ಕಳಲ್ಲಿ ಹನ್ನೊಂದನೆಯವಳಾಗಿ ಹುಟ್ಟಿದವಳು. ಅವಳಿಗೆ ಆರು ವರ್ಷ ತುಂಬುವ ಹೊತ್ತಿಗೆ ಹಸು, ಹಂದಿ, ಒಲೆ, ತೊಟ್ಟಿಲು ಎಲ್ಲವನ್ನೂ ಮೇಲಿನವರು ಹಂಚಿಕೊಂಡಾಗಿತ್ತು. ಉಳಿದದ್ದು ಕೋಳಿ. ಮೊದಲ ಚಳಿಗಾಲದಲ್ಲಿ ಅವಳು ಪಾಪ, ಕೋಳಿಗಳಿಗೆ ಚಳಿಯಾದೀತೆಂದು ಗೂಡಿನ ಕಿಟಕಿಯ ಸಂದಿಗೆಲ್ಲ ಹಳೆಯ ಚಿಂದಿ ತುರುಕಿ ಬಂದಿದ್ದಳು. ಅವಳ ಅಮ್ಮ ಬಂದವಳೇ ಅದನ್ನೆಲ್ಲ ಕಿತ್ತೆಸೆದು, ಆ ಕೊರೆಯುವ ಚಳಿಯಲ್ಲಿ ಕಿಟಕಿಯನ್ನು ಒಂದು ಗೇಣು ತೆಗೆದಿಟ್ಟಳು. "ಕೋಳಿ ಚಳಿಗೆ ಸಾಯಲ್ಲ ಕಣೆ, ಅದರ ಮೈಮೇಲೇ ರಜಾಯಿ ಇದೆ. ಒದ್ದೆಗೆ ಸಾಯುತ್ತೆ. ಉಸಿರು ಹೊರಗೆ ಹೋಗೋಕೆ ದಾರಿ ಬಿಡು," ಎಂದಳು. ಅಮ್ಮನಿಗೆ ತಲೆ ಕೆಟ್ಟಿದೆ ಎಂದೇ ನೊಯೆಲ್ಲಾ ಅಂದುಕೊಂಡಳು. ಬೆಳಿಗ್ಗೆ ಹೋಗಿ ನೋಡಿದರೆ ಕೋಳಿಗಳೆಲ್ಲ ಉಣ್ಣೆಯ ಉಂಡೆಗಳಂತೆ ಉಬ್ಬಿಕೊಂಡು, ಒಣಗಿದ ಕಾಲುಗಳನ್ನು ಹೊಟ್ಟೆಯಡಿ ಮಡಚಿಕೊಂಡು ಹಾಯಾಗಿ ಕೂತಿದ್ದವು.

ಕ್ಲೋವಿಸ್‌ನನ್ನು ಮದುವೆಯಾಗಿ ಬಂದಮೇಲೆ ನಲವತ್ತು ವರ್ಷ ಅವಳ ಕೋಳಿಗಳು ಇದ್ದದ್ದು ಆಲೂಗಡ್ಡೆ ಉಗ್ರಾಣದ ಗೋಡೆಗೆ ಆನಿಸಿ ನಿಲ್ಲಿಸಿದ್ದ ಒಂದು ಹರಕು ಗೂಡಿನಲ್ಲಿ. ಹಲಗೆಗಳ ನಡುವೆ ಬೆರಳು ತೂರಿಸಬಹುದಿತ್ತು. ಕ್ಲೋವಿಸ್‌ಗೆ ಅದನ್ನು ನೋಡಿದರೆ ನಾಚಿಕೆ. ಅವನು ಬಡಗಿ, ಅದೂ ಎಂಥ ಬಡಗಿ! ಮನೆ ಕಟ್ಟಿ ಮುಗಿಸಿದ ದಿನ, ಗಾಳಿ ಬೀಸುವ ಹೊತ್ತು ನೋಡಿಕೊಂಡು, ಮನೆಯವರನ್ನೆಲ್ಲ ಒಳಗೆ ಕರೆದು, ಒಂದು ಮೇಣದಬತ್ತಿ ಹಚ್ಚಿ ಗೋಡೆಯ ಸಂದಿ, ಕಿಟಕಿಯ ಚೌಕಟ್ಟು, ಬಾಗಿಲಿನ ಅಂಚಿನುದ್ದಕ್ಕೂ ಮೆಲ್ಲಗೆ ಹಿಡಿದುಕೊಂಡು ಹೋಗುತ್ತಿದ್ದ. ಜ್ವಾಲೆ ಒಂದು ಕಡೆ ಬಾಗಿದರೂ ಆ ದಿನದ ಕೂಲಿ ಬೇಡ ಎನ್ನುತ್ತಿದ್ದ. ಯಾವ ಮನೆಯಲ್ಲೂ ಬಾಗಿರಲಿಲ್ಲ. "ಈ ದರಿದ್ರ ಗೂಡನ್ನ ಕೆಡವಿ ಹೊಸದು ಕಟ್ಟಿಕೊಡ್ತೀನಿ," ಎಂದು ಅವನು ಪ್ರತಿ ಶರತ್ಕಾಲದಲ್ಲೂ ಹೇಳುವುದು, "ಅದು ಹಾಗೇ ಇರಲಿ ಬಿಡು," ಎಂದು ಇವಳು ಹೇಳುವುದು ನಡೆದೇ ಇತ್ತು. ಯಾಕೆ ಇರಲಿ ಎಂದು ಅವಳೂ ಬಿಡಿಸಿ ಹೇಳಲಿಲ್ಲ, ಅವನೂ ಕೇಳಲಿಲ್ಲ.

ಎರಡು ವರ್ಷದ ಹಿಂದೆ ಯಾರದೋ ಮನೆಯ ಅಡುಗೆಕೋಣೆಗೆ ಕಪಾಟು ಮಾಡುತ್ತಿದ್ದಾಗ ತಿರುಗುವ ಗರಗಸ ಕ್ಲೋವಿಸ್‌ನ ಬಲಗೈಯ ಎರಡು ಬೆರಳನ್ನು ತೆಗೆದುಕೊಂಡಿತು. ತೋರುಬೆರಳು, ಮಧ್ಯದ ಬೆರಳು. ಗಾಯ ಬೇಗ ಮಾಯಿತು, ಮನುಷ್ಯ ಮಾಯಲಿಲ್ಲ. ಕೆಲಸದ ವ್ಯಾನನ್ನು ಮಾರಿದ. ಕೊಟ್ಟಿಗೆಯಲ್ಲಿದ್ದ ಮರಗೆಲಸದ ಸಾಮಾನುಗಳ ಮೇಲೆ ಟಾರ್ಪಾಲು ಎಳೆದ. ಬಲಗೈ ಜೇಬು ಸೇರಿತು, ಇಲ್ಲದಿದ್ದರೆ ಕೈಗವಸಿನೊಳಗೆ ಇತ್ತು. ಊಟಕ್ಕೆ ಎಡಗೈ, ಚರ್ಚಿನಲ್ಲಿ ಪಾದ್ರಿ ಕೊಡುವ ರೊಟ್ಟಿಗೂ ಎಡಗೈ. ಎಲೆಗಳನ್ನು ಹಿಡಿಯಲಾಗುವುದಿಲ್ಲವೆಂದು ತಮ್ಮ ರೆನೋ ಜೊತೆ ಇಸ್ಪೀಟು ಆಡುವುದನ್ನೂ ಬಿಟ್ಟ. ಊರಿನವರು ಅವನ ಮುಂದೆ ದನಿ ತಗ್ಗಿಸಿ ಮಾತಾಡಲು ಶುರುಮಾಡಿದರು. ಎಲ್ಲರಿಗಿಂತ ಹೆಚ್ಚು ತಗ್ಗಿದ್ದು ನೊಯೆಲ್ಲಾಳ ದನಿ. ಮಗುವನ್ನು ಮಲಗಿಸಿದ ಮನೆಯಲ್ಲಿ ಓಡಾಡುವ ಹಾಗೆ ಅವಳು ಓಡಾಡಿದಳು.

ಹೋದ ಏಪ್ರಿಲ್ ಕೊನೆಗೆ ಒದ್ದೆ ಹಿಮ ಬಿದ್ದು ಹಳೆಯ ಗೂಡಿನ ಮಾಡು ಕುಸಿಯಿತು. ಎರಡು ಕೋಳಿ ಸತ್ತವು. ಉಳಿದ ಹತ್ತೊಂಬತ್ತು ಹೇಂಟೆಗಳನ್ನೂ ಹುಂಜವನ್ನೂ ಅವಳು ನೆಲಮಾಳಿಗೆಗೆ ತಂದಿಟ್ಟುಕೊಂಡಳು. ಹುಂಜದ ಹೆಸರು ಬಿಷಪ್. ಅದರ ಕೆಂಪು ಜುಟ್ಟೂ, ಎದೆ ಮುಂದೆ ಮಾಡಿಕೊಂಡು ನಡೆಯುವ ಗತ್ತೂ ಪಾದ್ರಿಗಳ ಮೇಲಧಿಕಾರಿ ಬಿಷಪ್ಪರಂತೆಯೇ ಇದ್ದವು. ಪಾದ್ರಿಗಳ ಮುಂದೆ ಮಾತ್ರ ಅದನ್ನು ಬರೀ ಹುಂಜ ಎಂದು ಕರೆಯುತ್ತಿದ್ದಳು. ನೆಲಮಾಳಿಗೆಯಿಂದ ಬಿಷಪ್ ಬೆಳಗಿನ ಜಾವ ಕೂಗಿ ಕೂಗಿ ಮೂರನೆಯ ದಿನಕ್ಕೆ ಕ್ಲೋವಿಸ್ ಎದ್ದು ಹೋಗಿ ಟಾರ್ಪಾಲು ಸರಿಸಿದ.

ಮೇ ತಿಂಗಳಿಂದ ಅಕ್ಟೋಬರಿನವರೆಗೆ ಅವನ ಕೊಟ್ಟಿಗೆಯ ಬಾಗಿಲು ಒಳಗಿನಿಂದ ಚಿಲಕ ಹಾಕಿಯೇ ಇತ್ತು. ಹಿಂದೆ ನಾಲ್ಕು ದಿನದಲ್ಲಿ ಮುಗಿಸುತ್ತಿದ್ದ ಕೆಲಸ. ನೊಯೆಲ್ಲಾಗೆ ಅಡುಗೆಮನೆಯಿಂದ ಕೇಳಿಸುತ್ತಿತ್ತು: ಒಂದು ನಿಮಿಷ ಗರಗಸ, ಆಮೇಲೆ ಮೌನ, ಏನೋ ಧೊಪ್ಪೆಂದು ಬಿದ್ದ ಸದ್ದು, ಒಂದು ಬೈಗುಳ, ಮತ್ತೆ ಗರಗಸ. ತನಗೆ ಕೇಳಿಸುತ್ತಿದೆ ಎಂದು ಅವನಿಗೆ ಗೊತ್ತಾಗಬಾರದೆಂದು ಅವಳು ರೇಡಿಯೊ ಜೋರು ಮಾಡುತ್ತಿದ್ದಳು. ಒಂದು ದಿನವೂ ಹೋಗಿ ಇಣುಕಿ ನೋಡಲಿಲ್ಲ. ಅವಳಂಥವಳಿಗೆ ಅದು ಸಣ್ಣ ತಪಸ್ಸಲ್ಲ.

ನವೆಂಬರಿನ ಮೊದಲ ವಾರ ರೆನೋ ಟ್ರ್ಯಾಕ್ಟರ್ ತಂದು ಹೊಸ ಗೂಡನ್ನು ಅಂಗಳಕ್ಕೆ ಎಳೆದು ನಿಲ್ಲಿಸಿದ. ಗೂಡೆಂದರೆ ಗೂಡು! ಎರಡು ಪದರದ ಗೋಡೆ, ನಡುವೆ ಚಳಿ ತಡೆಯಲು ಮನೆಯ ಗೋಡೆಗೆ ತುಂಬುವಂಥದ್ದೇ ಹತ್ತಿ, ಬಾಗಿಲಿನ ಸುತ್ತ ಉಣ್ಣೆಯ ಪಟ್ಟಿ, ಕೂರಲು ನಯವಾಗಿ ತೀಡಿದ ಅಡ್ಡಗೋಲು, ಮೊಟ್ಟೆಯಿಡಲು ಸಾಲಾಗಿ ಆರು ಪೆಟ್ಟಿಗೆ. ಕ್ಲೋವಿಸ್ ಹೆಂಡತಿಯನ್ನೂ ತಮ್ಮನನ್ನೂ ಒಳಗೆ ಕರೆದು ಬಾಗಿಲು ಹಾಕಿದ. ಎಡಗೈಯಲ್ಲಿ ಮೇಣದಬತ್ತಿ ಹಿಡಿದು ಮೂಲೆಮೂಲೆಗೂ ಸುತ್ತಿದ. ಹೊರಗೆ ಗಾಳಿ ಮರಗಳನ್ನು ಬಗ್ಗಿಸುತ್ತಿತ್ತು, ಒಳಗೆ ಜ್ವಾಲೆ ನೆಟ್ಟಗೆ ನಿಂತಿತ್ತು.

"ನೋಡಿದೆಯಾ? ಅಲುಗಾಡಲ್ಲ," ಎಂದ.

"ಅಣ್ಣಾ, ಕೋಳಿಗಳನ್ನ ನಮ್ಮನೆಗೆ ಕಳಿಸ್ಬಿಡು. ನಾನೂ ನಮ್ಮವಳೂ ಬಂದು ಇಲ್ಲೇ ಇರ್ತೀವಿ," ಎಂದ ರೆನೋ. "ಮೊಟ್ಟೆ ಮಾತ್ರ ಕೇಳ್ಬೇಡ."

ಕ್ಲೋವಿಸ್ ನಕ್ಕ. ಎರಡು ವರ್ಷದಿಂದ ಕಾಣದಿದ್ದ ನಗು. ಆ ಮುಖವನ್ನು ನೋಡುತ್ತಲೇ ನೊಯೆಲ್ಲಾಳ ಕಣ್ಣು ಅಭ್ಯಾಸಬಲದಿಂದ ಮಾಡಿನ ಕೆಳಗೆ ಹೋಯಿತು. ಉಸಿರು ಹೊರಹೋಗಲು ಒಂದು ಕಿಂಡಿ ಇಲ್ಲ. ಈ ಕಡೆ ಇಲ್ಲ, ಆ ಕಡೆಯೂ ಇಲ್ಲ.

"ಮೇಲೊಂದು ಕಿಂಡಿ..." ಎಂದು ಬಾಯಿ ತೆರೆದಳು.

"ಕಿಂಡಿಯಾ? ಯಾತಕ್ಕೆ?" ಕ್ಲೋವಿಸ್‌ನ ನಗು ಅಲ್ಲೇ ನಿಂತಿತು. ಬಲಗೈ ಮೆಲ್ಲಗೆ ಜೇಬಿನ ಕಡೆ ಹೊರಟಿತು. "ಎಲ್ಲಾದ್ರೂ ತಪ್ಪಾಗಿದೆಯಾ?"

"ಏನಿಲ್ಲ ಮಾರಾಯ. ಚೆನ್ನಾಗಿದೆ. ತುಂಬಾ ಚೆನ್ನಾಗಿದೆ," ಎಂದಳು. ಅಲ್ಲಿಗೆ ಬಾಯಿಗೆ ಬೀಗ ಬಿತ್ತು.

ಕ್ಲೋವಿಸ್‌ನನ್ನು ನಾನು ದೂರುವುದಿಲ್ಲ. ನಮ್ಮ ಕಡೆಯವರು ಮಾತ್ರ ಮಾಡಬಹುದಾದ ತಪ್ಪು ಅದು. ನವೆಂಬರ್ ಬಂತೆಂದರೆ ಇಲ್ಲಿ ಪ್ರತಿ ಮನೆಯ ಬುಡಕ್ಕೂ ಫರ್ ಮರದ ಸೊಪ್ಪು ಒಟ್ಟುತ್ತೇವೆ, ಅದರ ಮೇಲೆ ಹಿಮ ಬಿದ್ದು ಗಟ್ಟಿಯಾದರೆ ನೆಮ್ಮದಿ. ಕಿಟಕಿಗೆ ಪ್ಲಾಸ್ಟಿಕ್ ಹೊಡೆಯುತ್ತೇವೆ. ಸೋಮಾರಿಯನ್ನು ಬೈಯಬೇಕಾದರೆ ಅವನ ಮನೆಯೊಳಗೆ ಗಾಳಿ ಆಡುತ್ತದೆ ಎನ್ನುತ್ತೇವೆ. ಬಿರುಕು ಮುಚ್ಚುವುದನ್ನೇ ಒಳ್ಳೆಯತನ ಎಂದು ಕಲಿತವರಿಗೆ, ಬೇಕೆಂತಲೇ ಗೋಡೆಗೆ ತೂತು ಮಾಡು ಎಂದರೆ ತಲೆಗೆ ಹೋಗುವುದು ಕಷ್ಟ. ಅದರಲ್ಲೂ ಮೂರು ಬೆರಳಿನಲ್ಲಿ ಆರು ತಿಂಗಳು ಕೂತು ಮುಚ್ಚಿದವನಿಗೆ.

ಡಿಸೆಂಬರಿನಲ್ಲಿ ಹಿಮ ಕಿಟಕಿಯ ಮಟ್ಟಕ್ಕೆ ಬಂತು. ಬೆಳಿಗ್ಗೆ ನೊಯೆಲ್ಲಾ ಎರಡು ಬಕೆಟ್ ಬಿಸಿನೀರು, ಬೇಯಿಸಿದ ಆಲೂಗಡ್ಡೆ ಸಿಪ್ಪೆಗೆ ಜೋಳದ ನುಚ್ಚು ಕಲಸಿದ ಬೋಗುಣಿ ಹಿಡಿದುಕೊಂಡು ಹೋಗಿ ಗೂಡಿನ ಬಾಗಿಲು ತೆಗೆದರೆ ಒಳಗಿನಿಂದ ಬೆಚ್ಚಗಿನ ಒದ್ದೆ ಉಸಿರು ಮುಖಕ್ಕೆ ಬಡಿಯುತ್ತಿತ್ತು. ಕನ್ನಡಕ ಮಂಜಾಗುತ್ತಿತ್ತು. ಮಾಡಿನ ಹಲಗೆಯ ತುಂಬ ನೀರಿನ ಹನಿ, ಮೊಳೆಗಳ ತುದಿಯಲ್ಲಿ ಮಂಜಿನ ಮಣಿ. ನೆಲಕ್ಕೆ ಹಾಸಿದ್ದ ಮರದ ಹೊಟ್ಟು ಕಲಸಿದ ಹಿಟ್ಟಿನಂತೆ ಕಾಲಿಗೆ ಅಂಟುತ್ತಿತ್ತು, ಹಿಕ್ಕೆಯ ಘಾಟು ಕಣ್ಣಲ್ಲಿ ನೀರು ತರಿಸುತ್ತಿತ್ತು. ಅವಳು ದಿನಾ ಹಳೆಯ ಹೊಟ್ಟು ಬಾಚಿ, ಹೊಸದು ಹಾಕಿ, ಬಾಗಿಲ ಸಂದಿಗೆ ಒಂದು ಸೌದೆ ತುಂಡು ಕೊಟ್ಟು ಬರುವಳು. ತಿಂಡಿಯಾದ ಮೇಲೆ ಕ್ಲೋವಿಸ್ ತನ್ನ ಕೃತಿಯನ್ನು ನೋಡಲು ಹೋಗುವನು, ಸೌದೆ ತುಂಡು ತೆಗೆದು ಬಾಗಿಲನ್ನು ಬಿಗಿಯಾಗಿ ಹಾಕುವನು.

"ಇವತ್ತೂ ಬಾಗಿಲು ಸರಿಯಾಗಿ ಹಾಕಿರಲಿಲ್ಲ ನೋಡು," ಎನ್ನುವನು ಊಟಕ್ಕೆ ಕೂತಾಗ, ತುಂಬಾ ಮೃದುವಾಗಿ.

"ಮರೆತೆ. ವಯಸ್ಸಾಯ್ತಲ್ಲ," ಎನ್ನುವಳು ಅವಳೂ ಅಷ್ಟೇ ಮೃದುವಾಗಿ.

ಮೂವತ್ತು ವರ್ಷದ ಹಿಂದೆ ಯಾವ ಹುಡುಗ ಯಾವ ಬೆಂಚಿನ ಕೆಳಗೆ ಬಟಾಣಿ ಮೆತ್ತಿದ್ದ ಎಂದು ನೆನಪಿಟ್ಟುಕೊಂಡ ಹೆಂಗಸು ಮರೆವಿನ ನೆಪ ಹೇಳಿದಳು, ಅವನೂ ನಂಬಿದ. ನಂಬಿದ ಎಂದೇ ಅವಳು ತಿಳಿದಳು.

ಕ್ರಿಸ್ಮಸ್ ಹೊತ್ತಿಗೆ ದಿನಕ್ಕೆ ಹನ್ನೊಂದಿದ್ದ ಮೊಟ್ಟೆ ನಾಲ್ಕಕ್ಕೆ ಇಳಿಯಿತು. ಜನವರಿಯ ಎರಡನೆಯ ವಾರ ಉತ್ತರದಿಂದ ನಿಜವಾದ ಚಳಿ ಬಂತು. ಒಂದು ಬೆಳಿಗ್ಗೆ ನೋಡಿದರೆ ಬಿಷಪ್‌ನ ಜುಟ್ಟಿನ ತುದಿಗಳು ಬೂದಿ ಬಣ್ಣಕ್ಕೆ ತಿರುಗಿದ್ದವು, ಎರಡು ದಿನದಲ್ಲಿ ಕಪ್ಪಾದವು. ಒದ್ದೆಯ ಜುಟ್ಟಿಗೆ ಚಳಿ ತಗುಲಿದರೆ ಆಗುವುದೇ ಹಾಗೆ. ನೊಯೆಲ್ಲಾ ಮುಲಾಮು ಹಚ್ಚುತ್ತಿದ್ದಾಗ ಕ್ಲೋವಿಸ್ ಬಂದು ನೋಡಿದ. ಅವನ ಮುಖ ಸಣ್ಣದಾಯಿತು.

"ಎಲ್ಲೋ ಬಿರುಕಿದೆ. ಚಳಿ ಒಳಗೆ ಬರ್ತಾ ಇದೆ."

ಅವತ್ತೆಲ್ಲ ಮಂಡಿಯೂರಿ ಮೇಣದಬತ್ತಿ ಹಿಡಿದು ಬಿರುಕು ಹುಡುಕಿದ. ಸಿಗಲಿಲ್ಲ. ಆದರೂ ಇರಲಿ ಎಂದು ಗೋಡೆಯ ಸುತ್ತ ಫರ್ ಸೊಪ್ಪನ್ನು ಮಾಡಿನವರೆಗೂ ಒಟ್ಟಿದ, ಬಾಗಿಲಿಗೆ ಒಳಗಿನಿಂದ ಹಳೆಯ ರಜಾಯಿ ಮೊಳೆ ಹೊಡೆದು ತೂಗುಹಾಕಿದ. ನೊಯೆಲ್ಲಾ ಅಡುಗೆಮನೆಯ ಕಿಟಕಿಯಿಂದ ನೋಡುತ್ತಾ ನಿಂತಿದ್ದಳು. ಅವನು ಕೆಲಸ ಮಾಡುತ್ತಾ ಸಿಳ್ಳೆ ಹಾಕುತ್ತಿದ್ದ. ಆ ಸಿಳ್ಳೆ ಕೇಳಿ ಅವಳಿಗೆ ಸಂತೋಷವಾಯಿತು, ಕಿಟಕಿ ತೆಗೆದು ಕೂಗಲು ಹೋದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

ಮಾರನೆಯ ದಿನ ಅಡ್ಡಗೋಲಿನ ಕೆಳಗೆ ಒಂದು ಕಂದು ಹೇಂಟೆ ಸತ್ತು ಬಿದ್ದಿತ್ತು. ಎಲ್ಲಕ್ಕಿಂತ ಚೆನ್ನಾಗಿ ಮೊಟ್ಟೆಯಿಡುತ್ತಿದ್ದದ್ದು.

"ಸಾಲದು. ಇನ್ನೂ ಬಿಗಿ ಮಾಡ್ಬೇಕು," ಎಂದ ಕ್ಲೋವಿಸ್.

ರೆನೋ ದಾರಿಯ ಹಿಮ ತೆಗೆಯಲು ಬಂದಾಗ ನೊಯೆಲ್ಲಾ ಟ್ರ್ಯಾಕ್ಟರಿನ ಪಕ್ಕಕ್ಕೇ ಹೋಗಿ ನಿಂತು ಎಲ್ಲವನ್ನೂ ಹೇಳಿದಳು. ರೆನೋಗೆ ಯಾವುದಕ್ಕೂ ಸುಲಭದ ದಾರಿ ಹೊಳೆಯುತ್ತದೆ.

"ಅಷ್ಟೇನಾ ಅತ್ತಿಗೆ? ಭಾನುವಾರ ಅಣ್ಣ ಚರ್ಚಿನಲ್ಲಿ ಇರ್ತಾನಲ್ಲ, ಆಗ ಚೈನ್ ಗರಗಸ ತಗೊಂಡು ಬರ್ತೀನಿ. ಎರಡು ನಿಮಿಷ. ಕಿಂಡಿಯೇನು, ಬಾಲ್ಕನಿ ಬೇಕಾದ್ರೂ ಮಾಡಿಕೊಡ್ತೀನಿ."

"ಗರಗಸ ಹಿಡ್ಕೊಂಡು ಈ ಅಂಗಳಕ್ಕೆ ಕಾಲಿಟ್ಟೆಯೋ, ಕಾಲು ಮುರೀತೀನಿ."

"ಹಾಗಾದ್ರೆ ನೀನೇ ಹೇಳ್ಬಿಡು. ಊರಿಗೂರೇ ನಿನ್ನ ಬಾಯಿಗೆ ಹೆದರುತ್ತೆ, ನೀನು ಯಾರಿಗೆ ಹೆದರ್ತಾ ಇದೀಯ?"

ನೊಯೆಲ್ಲಾ ಗೂಡಿನ ಕಡೆ ತಿರುಗಿ ನೋಡಿದಳು. "ಇದನ್ನ ಕಟ್ಟೋಕೆ ಅವನು ಜೇಬಿನಿಂದ ಕೈ ತೆಗೆದ ಕಣೋ. ಕಟ್ಟಿದ್ದು ತಪ್ಪು ಅಂತ ನಾನು ಅಂದ್ರೆ ಆ ಕೈ ಮತ್ತೆ ಜೇಬಿಗೆ ಹೋಗುತ್ತೆ. ಹೋದ್ರೆ ಇನ್ನು ಈಚೆ ಬರಲ್ಲ."

"ಹೇಳದಿದ್ರೆ ಕೋಳಿ ಹೋಗುತ್ತೆ."

"ಅದು ನಂಗೆ ಗೊತ್ತಿಲ್ವಾ?" ಎಂದು ಅವಳು ಗದರಿದಳು. ರೆನೋಗೆ ಗದರಿ ಏನು ಬಂತು!

ಆ ವಾರದ ಗುರುವಾರ ಬೆಳಿಗ್ಗೆ ಸೊನ್ನೆಗಿಂತ ಮೂವತ್ತೊಂದು ಡಿಗ್ರಿ ಕೆಳಗಿತ್ತು. ಗೋಡೆಯೊಳಗಿನ ಮೊಳೆಗಳು ಪಟಪಟ ಸಿಡಿಯುತ್ತಿದ್ದವು, ನದಿಯ ಕಡೆಯಿಂದ ಮರ ಸೀಳಿದ ಸದ್ದು ಬರುತ್ತಿತ್ತು. ನೊಯೆಲ್ಲಾ ಕಾವಲಿಯ ಮೇಲೆ ಪ್ಲೋಯ್ ಹುಯ್ದಳು. ಒಂದೇ ಬದಿ ಬೇಯಿಸುವ, ಮೈತುಂಬ ತೂತು ಬೀಳುವ ನಮ್ಮ ದೋಸೆ ಅದು. ಕ್ಲೋವಿಸ್ ಬೆಣ್ಣೆ ಹಚ್ಚಿಕೊಂಡು ಐದು ತಿಂದ. ಅವನು ತಿಂದು ಮುಗಿಸುವವರೆಗೂ ಅವಳು ಎದುರಿಗೆ ಕೂತು ನೋಡುತ್ತಿದ್ದಳು. ರಾತ್ರಿಯೆಲ್ಲ ಹೊರಳಾಡಿ, ಬಾಯಲ್ಲಿ ಹೇಳುವುದಂತೂ ಆಗದು, ಬೇರೆ ಏನಾದರೂ ಮಾಡೋಣ ಎಂದುಕೊಂಡಿದ್ದಳು.

"ಬಾ, ಗೂಡಿನಲ್ಲಿ ನನ್ನ ಜೊತೆ ಸ್ವಲ್ಪ ಹೊತ್ತು ಕೂತ್ಕೋ."

"ಈ ಚಳೀಲಾ? ಯಾಕೆ?"

"ಸುಮ್ನೆ. ಒಬ್ಬಳಿಗೇ ಬೇಜಾರು."

ಹೋದರು. ಬಾಗಿಲು ಹಾಕಿ, ರಜಾಯಿ ಇಳಿಬಿಟ್ಟು, ಎರಡು ಬಕೆಟ್ ಬೋರಲು ಹಾಕಿಕೊಂಡು ಎದುರುಬದುರು ಕೂತರು. ಮೇಲೆ ಒಂದು ಸಣ್ಣ ಬಲ್ಬು ಉರಿಯುತ್ತಿತ್ತು. ಹೇಂಟೆಗಳು ಅಡ್ಡಗೋಲಿನ ಮೇಲೆ ಕೂತು, ಇವರಿಗೇನು ಕೆಲಸವಿಲ್ಲವೇ ಎನ್ನುವಂತೆ ಕತ್ತು ಓರೆ ಮಾಡಿ ನೋಡಿದವು. ಬಿಷಪ್ ಕಪ್ಪು ಜುಟ್ಟನ್ನು ಹೊತ್ತುಕೊಂಡು ಮೂಲೆಯಲ್ಲಿ ನಿಂತಿತ್ತು. ಐದು ನಿಮಿಷವಾಯಿತು. ಹತ್ತು ನಿಮಿಷವಾಯಿತು. ಕ್ಲೋವಿಸ್ ಕೆಮ್ಮಿದ, ಕಣ್ಣೊರೆಸಿಕೊಂಡ. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡ, ಅದು ಮತ್ತೆ ಮಂಜಾಯಿತು. ಬೇಸತ್ತು ತೆಗೆದು ಜೇಬಿಗೆ ಹಾಕಿಕೊಂಡ.

ಒಂದು ಹನಿ ಅವನ ಕತ್ತಿನ ಹಿಂದೆ, ಕಾಲರಿನೊಳಗೆ ಬಿತ್ತು. ಅವನು ಭುಜ ಕೊಡವಿದ. ಇನ್ನೊಂದು ಬಿತ್ತು. ಆಗ ತಲೆಯೆತ್ತಿದ. ಮಾಡನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದ. ಆಮೇಲೆ ಬಲಗೈಯ ಕೈಗವಸನ್ನು ಹಲ್ಲಿನಲ್ಲಿ ಕಚ್ಚಿ ಎಳೆದು ತೆಗೆದು, ಗೋಡೆಗೆ ಅಂಗೈ ಇಟ್ಟ. ಮರವನ್ನು ತಿಳಿಯಬೇಕಾದರೆ ಅವನು ಯಾವಾಗಲೂ ಆ ಕೈಯನ್ನೇ ಇಡುತ್ತಿದ್ದವನು. ಅಂಗೈ ತೊಯ್ದು ಈಚೆ ಬಂತು.

"ಒಳಗೆ ಮಳೆ ಬರ್ತಾ ಇದೆಯಲ್ಲೇ."

"ಹೂಂ."

"ಇವುಗಳ ಉಸಿರು ಇದು."

"ಹತ್ತೊಂಬತ್ತು ಉಸಿರು. ಮೊದ್ಲು ಇಪ್ಪತ್ತಿತ್ತು."

ಕ್ಲೋವಿಸ್ ಒದ್ದೆ ಕೈಯನ್ನು ನೋಡಿಕೊಂಡು ಕೂತ. "ನಿನಗೆ ಯಾವಾಗಿಂದ ಗೊತ್ತು?"

"ನವೆಂಬರಿಂದ."

"ಮೇಣದಬತ್ತಿ ಹಚ್ಚಿದ ದಿನಾನಾ?"

"ಆರು ವರ್ಷದವಳಿದ್ದಾಗಿಂದ ಗೊತ್ತು, ಕ್ಲೋವಿಸ್."

"ಮತ್ತೆ ಬಾಯಿ ಇರಲಿಲ್ವಾ ನಿನಗೆ?"

ಅವನು ಕೂಗಲಿಲ್ಲ. ಕೂಗಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. "ನಿನ್ನ ಮನಸ್ಸಿಗೆ ನೋವಾಗುತ್ತೆ ಅಂತ..." ಎಂದಳು.

"ನನ್ನ ಬೆರಳು ಹೋಗಿದ್ದು ಎರಡು ಕಣೆ. ಕಿವಿ ಎರಡೂ ಇದಾವೆ." ಅವನು ಕೆಳಗೆ ನೋಡಿ, ಬೂಟಿನ ತುದಿಯಿಂದ ಹೊಟ್ಟನ್ನು ಕೆದಕಿದ. "ಈ ಬೂಟು ನೋಡು. ಎರಡು ವರ್ಷದಿಂದ ಕೆಸರು ಬೂಟನ್ನ ನಿನ್ನ ಒಳ್ಳೆ ಹಾಸಿನ ಮೇಲೇ ಬಿಡ್ತಾ ಇದೀನಿ. ಬೇಕೂಂತಲೇ. ಇವತ್ತು ಬೈತಾಳೆ, ನಾಳೆ ಬೈತಾಳೆ ಅಂತ. ನೀನು ಒರೆಸಿಕೊಂಡು ಹೋಗ್ತೀಯ. ಪೊಲೀಸಿನವನಿಗೆ ಬೈತೀಯ, ರೆನೋಗೆ ಬೈತೀಯ, ಆ ಹುಂಜಕ್ಕೂ ಬೈತೀಯ. ಸತ್ತೋರನ್ನ ಒಬ್ಬರನ್ನೇ ನೀನು ಬೈಯಲ್ಲ. ನಾನು ಯಾರ ಸಾಲಿಗೆ ಸೇರಿದೆ ಅಂದ್ಕೊಬೇಕು?"

ನೊಯೆಲ್ಲಾಗೆ ಅಳು ಬಂತು. ಅವನನ್ನು ಎರಡು ವರ್ಷ ಹತ್ತಿಯಲ್ಲಿಟ್ಟು ಕಾಪಾಡಿದೆ ಎಂದುಕೊಂಡಿದ್ದಳು. ಹಾಗೆ ಇಟ್ಟದ್ದರಿಂದಲೇ ಅವನು ಸೊರಗಿದ್ದ. ತನ್ನ ಮೇಲೆ ತನಗೇ ಸಿಟ್ಟು ಬಂದು ಇನ್ನಷ್ಟು ಅತ್ತಳು. ಆ ಹೊತ್ತಿಗೆ ಸರಿಯಾಗಿ ಬಿಷಪ್ ಕೂಗಿತು. "ಸುಮ್ನಿರೋ ನೀನೊಬ್ಬ!" ಎಂದು ಅಳುವಿನ ನಡುವೆಯೇ ಗದರಿದಳು.

ಕ್ಲೋವಿಸ್ ಎದ್ದು ನಿಂತ. "ಕಿಂಡಿ ಎಲ್ಲಿ ಬೇಕು, ಹೇಳು."

ಅವಳು ಮೂಗೊರೆಸಿಕೊಂಡು ತೋರಿಸಿದಳು. ಎರಡು ಬೇಕು, ಎದುರುಬದುರು ಗೋಡೆಯಲ್ಲಿ, ಕೋಳಿಗಳ ತಲೆಗಿಂತ ಮೇಲೆ, ಮಾಡಿನ ಕೆಳಗೆ, ಒಂದೊಂದು ಗೇಣು. ಅವನು ಹೊರಗೆ ಹೋಗಿ ಎರಡೂ ಗೋಡೆಯ ಮೇಲ್ಭಾಗದ ಫರ್ ಸೊಪ್ಪನ್ನು ಎಳೆದುಹಾಕಿ, ಕೊಟ್ಟಿಗೆಗೆ ಹೋಗಿ ಬಂದ. ಬ್ಯಾಟರಿಯ ಕೊರೆಯುವ ಯಂತ್ರ ಆ ಚಳಿಗೆ ಉಸಿರೆತ್ತಲಿಲ್ಲ. ಪೆನ್ಸಿಲ್ ಗೆರೆ ಎಳೆದು, ಕೈಯಲ್ಲಿ ತಿರುಗಿಸುವ ಬೈರಿಗೆಯಿಂದ ನಾಲ್ಕು ಮೂಲೆಗೆ ತೂತು ಕೊರೆದು, ಚೂಪು ಮೂತಿಯ ಸಣ್ಣ ಗರಗಸವನ್ನು ಒಳಗೆ ತೂರಿಸಿದ. ಗವಸು ಹಾಕಿಕೊಂಡರೆ ಹಿಡಿ ನಿಲ್ಲುವುದಿಲ್ಲ. ಬರಿಗೈಯಲ್ಲಿ ಹಿಡಿದ. ಅವಳು ಪಕ್ಕದಲ್ಲಿ ನಿಂತು ಕೊಯ್ಯುವ ತುಂಡು ಬೀಳದಂತೆ ಹಲಗೆಯನ್ನು ಒತ್ತಿಹಿಡಿದಳು.

ಬೆರಳು ಹೋದ ಮೇಲೆ ಆ ಕೈ ಕೆಲಸ ಮಾಡುವುದನ್ನು ಅವಳು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಬೆರಳಿದ್ದ ಜಾಗದ ಮೊಂಡು ಚರ್ಮ ಚಳಿಗೆ ನೇರಳೆಯಾಗಿ ಹೊಳೆಯುತ್ತಿತ್ತು. ಹೆಬ್ಬೆರಳೂ ಉಳಿದೆರಡೂ ಹಿಡಿಯನ್ನು ಅವುಚಿಕೊಂಡಿದ್ದವು, ಪ್ರತಿ ಎಳೆತಕ್ಕೂ ಮಣಿಕಟ್ಟು ನಡುಗುತ್ತಿತ್ತು. ಗರಗಸ ಗೆರೆಯ ಮೇಲೆ ಸ್ವಲ್ಪ ದೂರ ಬಂದು, ಮೆಲ್ಲಗೆ ಎಡಕ್ಕೆ ಹೊರಟಿತು. ಇನ್ನೂ ಎಡಕ್ಕೆ. ನೊಯೆಲ್ಲಾ ತುಟಿ ಕಚ್ಚಿದಳು. ಎರಡು ವರ್ಷದ ಅಭ್ಯಾಸ ಸುಲಭಕ್ಕೆ ಬಿಡಲಿಲ್ಲ.

"ಸೊಟ್ಟ ಹೋಗ್ತಿದೆ," ಎಂದಳು ಕೊನೆಗೆ.

ಗರಗಸ ನಿಂತಿತು.

"ಎಲ್ಲಿ?"

"ಎಡಕ್ಕೆ. 'ಎಲ್ಲಿ' ಅಂತೆ! ಕನ್ನಡಕ ಜೇಬಿನಲ್ಲಿಟ್ಕೊಂಡು ಕೊಯ್ದ್ರೆ ಇನ್ನೇನಾಗುತ್ತೆ? ಹಾಕ್ಕೊಂಡ್ರೆ ಸವೆದು ಹೋಗುತ್ತಾ?"

"ಹಲಗೇನ ನೆಟ್ಟಗೆ ಹಿಡಿ ನೀನು ಮೊದ್ಲು. ನೀನು ಅಲ್ಲಾಡಿಸಿದ್ರೆ ನಾನು ಹ್ಯಾಗೆ ಕೊಯ್ಯಲಿ?"

"ನಾನಾ ಅಲ್ಲಾಡಿಸೋದು? ನಲವತ್ತೊಂದು ವರ್ಷದಿಂದ ಈ ಮನೇನ ಅಲ್ಲಾಡದ ಹಾಗೆ ಹಿಡ್ಕೊಂಡಿರೋದೇ ನಾನು!"

"ಅದಕ್ಕೇ ಸೊಟ್ಟಗಿದೆ," ಎಂದ ಕ್ಲೋವಿಸ್, ಕನ್ನಡಕ ಹಾಕಿಕೊಳ್ಳುತ್ತಾ.

ಬೈದಾಡುತ್ತಲೇ ನಾಲ್ಕು ಬದಿ ಕೊಯ್ದರು. ತುಂಡು ಹೊರಗಡೆ ಹಿಮದ ಮೇಲೆ ಬಿತ್ತು. ಒಳಗಿನ ಹಬೆ ಕಿಂಡಿಯಿಂದ ಕೆಟಲ್ ಮೂತಿಯಿಂದ ಹೊರಟ ಹಾಗೆ ಹೊರಟಿತು, ಹೇಂಟೆಗಳು ಗೊಣಗಿದವು. ಬೆಳಗಿನ ಬಿಸಿಲು ಒಂದು ತುಂಡು ಒಳಗೆ ಬಂತು. ಕಿಂಡಿಯ ಒಂದು ಬದಿ ಅಗಲ, ಒಂದು ಬದಿ ಕಿರಿದು. ಕ್ಲೋವಿಸ್ ಮಿಶೋ ಅದನ್ನು ತಲೆ ಓರೆ ಮಾಡಿ ನೋಡಿದ.

"ಇಷ್ಟು ಸೊಟ್ಟ ಕೆಲಸ ನಾನು ಜನ್ಮದಲ್ಲಿ ಮಾಡಿಲ್ಲ."

"ನೋಡಿದ್ರೇ ಗೊತ್ತಾಗುತ್ತೆ," ಎಂದಳು ನೊಯೆಲ್ಲಾ. "ಇನ್ನೊಂದನ್ನಾದ್ರೂ ನೆಟ್ಟಗೆ ಕೊಯ್ಯಿ."

ಅವನು ಗರಗಸ ಹಿಡಿದು ಆಚೆ ಗೋಡೆಗೆ ಹೋಗಿ ಗೆರೆ ಎಳೆದ. ಬರಿಗೈ ಚಳಿಗೆ ಕೆಂಪೇರಿ ಸೆಟೆದಿತ್ತು. ಅದನ್ನು ಬಾಯಿಗೆ ಹಿಡಿದು ಉಸಿರು ಊದಿಕೊಂಡು ಮತ್ತೆ ಬೈರಿಗೆ ತೆಗೆದುಕೊಂಡ. ನೊಯೆಲ್ಲಾ ನೋಡಿದಳು, ತಡೆಯಲಾಗಲಿಲ್ಲ, ಬಾಯಿ ತಾನಾಗಿಯೇ ತೆರೆದುಕೊಂಡಿತು.

"ಕೈಗವಸು ಹಾಕ್ಕೊಂಡು ಐದು ನಿಮಿಷ ಬೆಚ್ಚಗೆ ಮಾಡ್ಕೊಳ್ಳೋ ಮುದುಕಾ! ಉಳಿದ ಮೂರೂ ಉದುರಿ ಹೋಗುತ್ತೆ!"

ಎರಡು ವರ್ಷದಲ್ಲಿ ಆ ಬೆರಳುಗಳ ಲೆಕ್ಕವನ್ನು ಅವನ ಮುಂದೆ ಯಾರೂ ಎತ್ತಿರಲಿಲ್ಲ, ಪಾದ್ರಿಯೂ ಎತ್ತಿರಲಿಲ್ಲ. ಅವಳು ಬಾಯಿಗೆ ಕೈ ಅಡ್ಡ ಹಿಡಿದಳು. ಕ್ಲೋವಿಸ್ ಬಲಗೈಯನ್ನು ಕಣ್ಣೆದುರು ತಂದು, ತಿರುಗಿಸಿ, ಉಳಿದ ಮೂರನ್ನೂ ಒಂದೊಂದಾಗಿ ಮಡಚಿ ನೋಡಿದ. ಆಮೇಲೆ ನಗಲು ಶುರುಮಾಡಿದ. ಗೋಡೆ ಹಿಡಿದುಕೊಂಡು, ಕೆಮ್ಮಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಹೇಂಟೆಗಳು ಗಾಬರಿಯಾಗಿ ಅಡ್ಡಗೋಲಿನಿಂದ ಇಳಿದು ಓಡಾಡಿದವು.

ನಗು ತಗ್ಗಿದ ಮೇಲೆ ಅವನು ಎರಡು ಕೈಯನ್ನೂ ಅವಳ ಮುಂದೆ ಚಾಚಿದ. ಅವಳು ಬಲಗೈಯನ್ನು ತನ್ನ ಕೋಟಿನ ಒಳಗೆ, ಕಂಕುಳಲ್ಲಿ ಇಟ್ಟುಕೊಂಡು, ಎರಡನೆಯ ಕಿಂಡಿಗೆ ಅವನು ಹಾಕಿದ್ದ ಗೆರೆಯೂ ಸೊಟ್ಟಗಿದೆ ಎಂದು ಬೈಯತೊಡಗಿದಳು.